ನಾಲಿಗೆ ತೋರಿಸುವ ಕಿಟಕಿ

ಊರಿಗೆ ಊರೇ ಮಾಸ್ಕು ಕಟ್ಟಿಕೊಂಡು ಬಾಯಿ ಮುಚ್ಚಿದ್ದ ಆ ವರ್ಷ, ಜಪಾನಿನ ಸೆಂಡಾಯ್‌ನ ಒಂದು ಗಲ್ಲಿಯಲ್ಲಿ ಮಾತ್ರ ಜನ ಸಾಲಾಗಿ ನಿಂತು ನಾಲಿಗೆ ಚಾಚುತ್ತಿದ್ದರು. ಸೂಟು ಹಾಕಿದ ಗಂಡಸರು, ತರಕಾರಿ ಚೀಲ ಹಿಡಿದ ಹೆಂಗಸರು ಒಬ್ಬೊಬ್ಬರಾಗಿ ಒಂದು ಅಂಗಡಿಯ ಗಾಜಿನ ಕಿಟಕಿಯ ಹತ್ತಿರ ಹೋಗುವರು. ಸುತ್ತ ಒಮ್ಮೆ ನೋಡಿ, ಮಾಸ್ಕನ್ನು ಗದ್ದಕ್ಕೆ ಇಳಿಸಿ, 'ಆ' ಎಂದು ನಾಲಿಗೆ ಹೊರಹಾಕುವರು. ಗಾಜಿನ ಒಳಗಡೆ ಒಂದು ಟಾರ್ಚು ಹತ್ತಿಕೊಳ್ಳುವುದು. ಟಾರ್ಚಿನ ಹಿಂದೆ ರಿನ್-ಸಾನ್.

ಸಾಲು ಎಂದೆ. ನಿಜಕ್ಕೂ ಸಾಲಿತ್ತೇ? ಮೂರು ಜನ ಇದ್ದಿರಬಹುದು, ಇನ್ನೊಮ್ಮೆ ಬರೀ ನಾಯಿ ಹಿಡಿದ ಒಬ್ಬ ಮುದುಕ. ನನ್ನ ನೆನಪು ಚೆನ್ನಾಗಿ ಕಾಣಲಿ ಎಂದು ಜನರನ್ನು ಸೇರಿಸಿಕೊಂಡಿರಬೇಕು. ಕಿಟಕಿ, ಟಾರ್ಚು, ರಿನ್-ಸಾನ್, ಇವಿಷ್ಟರ ಬಗ್ಗೆ ನನಗೆ ಅನುಮಾನವಿಲ್ಲ.

ಚೀನಾದಿಂದ ಬಂದು ಜಪಾನಿನಲ್ಲಿ ಬೇರುಬಿಟ್ಟ ನಾರುಬೇರಿನ ವೈದ್ಯಕ್ಕೆ ಇಲ್ಲಿ ಕಾಂಪೋ ಎನ್ನುತ್ತಾರೆ. ರಿನ್-ಸಾನ್ ಕಾಂಪೋ ಔಷಧದಂಗಡಿಯ ಒಡತಿ. ಹುಟ್ಟಿದ್ದು ಚೀನಾದ ದಾಲಿಯಾನ್‌ನಲ್ಲಿ, ತಂದೆ ಅಲ್ಲಿ ಹಳೆಯ ಪದ್ಧತಿಯ ವೈದ್ಯರು. ಓದಲು ಇಲ್ಲಿಗೆ ಬಂದವರು ಫಾರ್ಮಸಿ ಮುಗಿಸಿ, ಇಲ್ಲೇ ಅಂಗಡಿ ಇಟ್ಟು, ಇಲ್ಲೇ ಕೂದಲು ಹಣ್ಣು ಮಾಡಿಕೊಂಡಿದ್ದರು. ಜಪಾನೀ ಭಾಷೆಯನ್ನು ಅವರು ಚೆನ್ನಾಗಿಯೇ ಆಡುತ್ತಿದ್ದರು. ಅದರ ಬಾಗುವಿಕೆ, ಬಳುಕುವಿಕೆಗಳನ್ನು ಮಾತ್ರ ಬೇಕೆಂದೇ ಬಿಟ್ಟುಬಿಟ್ಟಿದ್ದರು. ಹಾಗಾಗಿ ನನ್ನೊಳಗೆ ಅವರ ಮಾತೆಲ್ಲ ಏಕವಚನದಲ್ಲೇ ಕನ್ನಡವಾಗಿ ಉಳಿದಿದೆ. ಬಸವರಾಜ ಎಂಬ ನನ್ನ ಹೆಸರನ್ನೂ ಅವರು ಅರ್ಧಕ್ಕೆ ಕತ್ತರಿಸಿ, ಇಲ್ಲಿ ಎಲ್ಲರ ಹೆಸರಿಗೂ ಗೌರವಕ್ಕೆ ಹಚ್ಚುವ 'ಸಾನ್' ಹಚ್ಚಿ, 'ಬಾಸಾ-ಸಾನ್' ಮಾಡಿಕೊಂಡಿದ್ದರು.

ನಾನು ಆ ಕಿಟಕಿಗೆ ಹೋದದ್ದು ಗಂಟಲಿಗಾಗಿ. ಹೆಂಡತಿ ಶುಭಾ, ಮಗಳು ಅನು ಬಾಮೈದನ ಮದುವೆಗೆಂದು ದಾವಣಗೆರೆಗೆ ಹೋಗಿದ್ದರು. ಅಕ್ಷತೆ ಬಿದ್ದು ಮುಗಿಯುವಷ್ಟರಲ್ಲಿ ವಿಮಾನಗಳು ನಿಂತವು. ಆಮೇಲೆ ಜಪಾನ್ ಬಾಗಿಲು ಹಾಕಿತು. ಇಲ್ಲೇ ಮನೆ ಮಾಡಿಕೊಂಡಿರುವ ನಮ್ಮಂಥವರಿಗೂ, ಹೊರಗೆ ಹೋದವರು ಹೊರಗೇ ಎಂದಾಯಿತು. ಯಾವಾಗ ತೆರೆಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ವಿಶ್ವವಿದ್ಯಾಲಯದ ಲ್ಯಾಬಿಗೆ ಪಾಳಿಯ ಮೇಲೆ ಹೋಗಿ, ಯಾರೊಡನೆಯೂ ಮಾತಾಡದೆ ಲೋಹದ ತುಣುಕುಗಳನ್ನು ಕಾಯಿಸಿ ಬರುತ್ತಿದ್ದೆ. ಸಂಜೆ ವಿಡಿಯೋ ಕಾಲ್.

"ಏನ್ರೀ, ಸ್ಕೂಲಿನೋರು ಮತ್ತೆ ಫೋನ್ ಮಾಡಿದ್ರು. ಅಡ್ಮಿಷನ್ ಮಾಡ್ಸೋದಾ ಬೇಡ್ವಾ?" ಎನ್ನುವಳು ಶುಭಾ.

"ನೋಡೋಣ."

"ದಿನಾ ಅದನ್ನೇ ಹೇಳ್ತೀರಲ್ಲ. ನೀವು ಆರಾಮಾಗಿದೀರಾ?"

"ಫಸ್ಟ್ ಕ್ಲಾಸ್."

ಅನು ಹಿಂದಿನಿಂದ ಇಣುಕಿ, ನಾನು ಕನ್ನಡದಲ್ಲಿ ಏನು ಕೇಳಿದರೂ "ದೈಜೋಬು, ಅಪ್ಪಾ" ಎನ್ನುವಳು. ಚೆನ್ನಾಗಿದೀನಿ, ಚಿಂತೆಯಿಲ್ಲ ಎಂದು. ಮೂವರೂ ಮೂರು ಭಾಷೆಯಲ್ಲಿ ಚೆನ್ನಾಗಿದ್ದೆವು. ದಾವಣಗೆರೆಯಲ್ಲಿ ಶಾಲೆಗೆ ಸೇರಿಸಿದರೆ ಅವರು ಅಲ್ಲೇ ಬೇರೂರಿಬಿಡುತ್ತಾರೆ, ನಾನು ಇಲ್ಲಿ ಒಬ್ಬನೇ ಉಳಿಯುತ್ತೇನೆ ಎಂಬುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಸೇರಿಸಬೇಡ ಎಂದು ಹೇಳುವುದಕ್ಕೆ ಮಾತ್ರ ಬಾಯಿ ಬರಲಿಲ್ಲ. ಅವರು ಬರುವ ದಾರಿಯೇ ಮುಚ್ಚಿರುವಾಗ ಮಗುವಿನ ಓದನ್ನು ಯಾವ ಧೈರ್ಯದಲ್ಲಿ ತಡೆಯಲಿ?

ಆ ದಿನಗಳಲ್ಲೇ ಗಂಟಲಲ್ಲಿ ಏನೋ ಕೂತುಕೊಂಡಿತು. ಉಗುಳಿದರೆ ಬಾರದು, ನುಂಗಿದರೆ ಇಳಿಯದು. ವಿಚಿತ್ರವೆಂದರೆ ಅನ್ನ ಸಲೀಸಾಗಿ ಇಳಿಯುತ್ತಿತ್ತು, ಬರೀ ಎಂಜಲು ನುಂಗಿದಾಗ ತಡೆಯುತ್ತಿತ್ತು. ಮೊದಲು ಕೊರೊನಾ ಎಂದು ಹೆದರಿದೆ, ಆಮೇಲೆ ಕ್ಯಾನ್ಸರ್ ಎಂದು.

ಗಾಜಿನ ಮೇಲ್ಭಾಗದಲ್ಲಿದ್ದ ಸಣ್ಣ ಕಿಂಡಿಯಿಂದ ರಿನ್-ಸಾನ್ ಮೊದಲು ಕೇಳಿದ್ದು ನನ್ನ ಹೆಸರನ್ನಲ್ಲ.

"ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿದ್ಯಾ?"

"ತೋರಿಸಿದೆ. ಕ್ಯಾಮೆರಾ ಇಳಿಸಿ ನೋಡಿದರು. ಏನೂ ಇಲ್ಲ ಅಂದರು."

"ಒಳ್ಳೇದು. ಏನಾದರೂ ಇದ್ದರೆ ಅವರ ಇಲಾಖೆ. ಏನೂ ಇಲ್ಲ ಅಂದರೆ ನನ್ನ ಇಲಾಖೆ. ನಾಲಿಗೆ ತೋರಿಸು."

ತೋರಿಸಿದೆ. ಬೀದಿಯಲ್ಲಿ ನಿಂತು ಪರಸ್ತ್ರೀಗೆ ನಾಲಿಗೆ ಚಾಚಿದ್ದು ಬದುಕಿನಲ್ಲಿ ಅದೇ ಮೊದಲು. ಟಾರ್ಚು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿತು. ಬಿಳಿ ಲೇಪ, ಜಿಗುಟು, ಎಂದು ಗೊಣಗಿಕೊಂಡ ರಿನ್-ಸಾನ್ ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ಏನೋ ತಂದು ಗಾಜಿಗೆ ಹಿಡಿದರು. ಉಮೆಬೋಶಿ ಎಂಬ ಉಪ್ಪು ಹಾಕಿದ ಹುಳಿಹಣ್ಣಿನ ಗೊರಟು. ಅವರ ಮಧ್ಯಾಹ್ನದ ಬುತ್ತಿಯದೇ ಇರಬೇಕು.

"ನಿನ್ನ ಗಂಟಲಲ್ಲಿರೋದು ಇದು. ಹಣ್ಣನ್ನ ಯಾವಾಗಲೋ ತಿಂದಾಗಿದೆ, ಗೊರಟು ನಿಂತಿದೆ. ನಮ್ಮಲ್ಲಿ ಈ ಕಾಯಿಲೆಗೆ ಹೆಸರೇ ಅದು. ಗೊರಟಿನಂಥ ಕಿ."

ಉಸಿರು, ಹುಮ್ಮಸ್ಸು, ಒಳಗೆ ಓಡಾಡುವ ಗಾಳಿ ಎಲ್ಲ ಸೇರಿ ಅವರಿಗೆ ಕಿ. ನಾನು ವಿಜ್ಞಾನದವನು, ಕಿ ಎಂದರೆ ಅಳೆಯುವುದು ಹೇಗೆ ಎಂದು ಕೇಳಿದೆ. ರಿನ್-ಸಾನ್ ಗಾಜನ್ನು ಬೆರಳಿನಿಂದ ತಟ್ಟಿದರು.

"ಚಳಿಗಾಲದ ಬೆಳಗ್ಗೆ ನಿನ್ನ ಮನೆ ಗಾಜಿನ ಒಳಗಡೆ ನೀರು ಇಳೀತಿರುತ್ತಲ್ಲ. ಯಾರು ಸುರಿದರು?"

"ಯಾರೂ ಸುರಿಯಲ್ಲ. ಕಿಟಕಿ ಮುಚ್ಚಿರುತ್ತೆ. ಒಳಗಿನ ತೇವ ತಣ್ಣನೆ ಗಾಜಿಗೆ ತಾಗಿದಾಗ, ಆ ಉಷ್ಣಾಂಶದಲ್ಲಿ—"

"ನೀನು ಉಷ್ಣಾಂಶದ ಲೆಕ್ಕ ಹೇಳ್ತಾ ಇರು, ಅಷ್ಟರಲ್ಲಿ ಗೋಡೆಗೆ ಬೂಷ್ಟು ಹಿಡಿದಿರುತ್ತೆ. ಗಾಳಿ ಆಡಲಿಲ್ಲ, ನೀರು ಕೂತಿತು. ನಿನ್ನೊಳಗೂ ಅಷ್ಟೇ. ಯೋಚನೆ ಮಾಡಿ ಮಾಡಿ ಕಿ ಗಂಟು ಹಾಕ್ಕೊಂಡಿದೆ. ಅದು ಆಡದೇ ಇದ್ದರೆ ಮೈಯೊಳಗಿನ ನೀರು ನಿಂತಲ್ಲೇ ನಿಂತು ಗಟ್ಟಿಯಾಗಿ ಕಫ ಆಗುತ್ತೆ. ಕಿ, ಕಫ ಎರಡೂ ಒಂದನ್ನೊಂದು ಹಿಡಕೊಂಡು ಗಂಟಲಿಗೆ ಬಂದು ಕೂತಿವೆ. ಕ್ಯಾಮೆರಾಗೆ ಹೇಗೆ ಕಾಣುತ್ತೆ? ಮುಚ್ಚಿದ ಕಿಟಕಿಯ ಫೋಟೋ ತೆಗೆದರೆ ಕಿಟಕಿ ಕಾಣುತ್ತೆ, ಗಾಳಿ ಇಲ್ಲ ಅನ್ನೋದು ಕಾಣುತ್ತಾ?"

ನಾನು ಒಪ್ಪಿದೆನೆಂದಲ್ಲ. ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಆದರೆ ನನ್ನ ಗಂಟಲಿನ ಬಗ್ಗೆ ಅಷ್ಟು ಆಸಕ್ತಿಯಿಂದ ಯಾರೂ ಮಾತಾಡಿರಲಿಲ್ಲ. ಏನೂ ಇಲ್ಲ ಎಂಬ ಮಾತು ಕೇಳಿ ಬಂದವನಿಗೆ, ಇದೆ, ಅದಕ್ಕೊಂದು ಹೆಸರೂ ಇದೆ ಎಂಬುದೇ ಅರ್ಧ ಔಷಧವಾಗಿತ್ತು.

"ಹಿಂದಿನ ವೈದ್ಯರು ಇದನ್ನ ಹೆಂಗಸರ ಕಾಯಿಲೆ ಅಂತ ಬರೆದಿಟ್ಟರು," ಎಂದರು ಔಷಧ ಕಟ್ಟುತ್ತಾ. "ಆಗ ಗಂಡಸರು ಬೇಕಾದಾಗ ಕಿರುಚ್ತಿದ್ದರಲ್ಲ, ಅದಕ್ಕೆ ಅವರಿಗೆ ಬರ್ತಿರಲಿಲ್ಲ."

ಪೊಟ್ಟಣದಲ್ಲಿ ಐದು ಸಾಮಾನು. ಶುಂಠಿ, ಶಿಸೋ ಎಂಬ ಘಮಘಮಿಸುವ ಎಲೆ, ಒಂದು ಮರದ ತೊಗಟೆ, ಪೈನ್ ಮರದ ಬೇರಿಗೆ ಕಟ್ಟುವ ಒಂದು ಜಾತಿಯ ಅಣಬೆ, ಮತ್ತೆ ಹಂಗೆ ಎಂಬ ಪುಟ್ಟ ಬಿಳಿ ಗೆಡ್ಡೆ. ಹಂಗೆಯ ಗಿಡವನ್ನು ಅವರು ಕಿಟಕಿಯ ಕುಂಡದಲ್ಲೂ ಬೆಳೆಸಿದ್ದರು. ಹೆಡೆ ಎತ್ತಿದಂಥ ಅದರ ಹಸಿರು ಹೂವನ್ನು ನೋಡಿದ್ದೇ ನನಗೆ ಗುರುತು ಹತ್ತಿತು. ಇದು ನಮ್ಮ ಸುವರ್ಣಗೆಡ್ಡೆಯ ವಂಶವಲ್ಲವೇ! ಅಮ್ಮ ಕೈಗೆ ಎಣ್ಣೆ ಹಚ್ಚಿಕೊಂಡು ಹೆಚ್ಚುತ್ತಿದ್ದಳು, ಹುಣಸೆಹಣ್ಣು ಕಡಿಮೆಯಾದ ದಿನ ಮನೆಮಂದಿಯೆಲ್ಲ ಗಂಟಲು ಕೆರೆದುಕೊಳ್ಳುತ್ತಿದ್ದೆವು. ಅದನ್ನು ಹೇಳಿದಾಗ ರಿನ್-ಸಾನ್ ಟಾರ್ಚು ಕೆಳಗಿಟ್ಟು ನಕ್ಕರು.

"ಇದೂ ಹಾಗೇ. ಹಸಿ ತಿಂದರೆ ಗಂಟಲಿಗೆ ಸೂಜಿ ಚುಚ್ಚಿದ ಹಾಗೆ. ನಾವು ಶುಂಠಿ ಹಾಕಿ ಪಳಗಿಸ್ತೀವಿ, ನೀವು ಹುಣಸೆ ಹಾಕ್ತೀರಿ. ಗಂಟಲು ಹಿಡಿಯೋದನ್ನೇ ಪಳಗಿಸಿ ಗಂಟಲು ಬಿಡಿಸೋಕೆ ಕಳಿಸೋದು. ಇಲ್ಲಿ ಕೇಳು, ಇದನ್ನ ಲ್ಯಾಪ್‌ಟಾಪ್ ನೋಡ್ತಾ ಕುಡೀಬೇಡ. ಬಿಸಿಯಿರುವಾಗ ಮೊದಲು ವಾಸನೆ ತಗೋ. ಕುಡಿಯೋ ಮುಂಚೆ ಒಂದು ಮಾತು ಗಟ್ಟಿಯಾಗಿ ಹೇಳು."

"ಏನು ಹೇಳಲಿ?"

"ಏನಾದರೂ. ನಿನ್ನ ಭಾಷೆಯಲ್ಲಿ. ಜಪಾನೀಸಲ್ಲಿ ಬೇಡ, ಅದರಲ್ಲಿ ನೀನು ಬರೀ ಸುಮಿಮಾಸೆನ್ ಅಂತೀಯ."

"ಅಪಾರ್ಟ್‌ಮೆಂಟ್ ಗೋಡೆ ತೆಳು. ಪಕ್ಕದವರು ಏನಂದುಕೊಳ್ತಾರೋ."

"ಹಾಗಾದರೆ ಇಲ್ಲೇ ಹೇಳು. ನನ್ನ ಗಾಜು ದಪ್ಪ."

ಆಗ ನನ್ನ ಬಾಯಿಂದ ಹೊರಟದ್ದು ಯಾವ ಘನವಾದ ಮಾತೂ ಅಲ್ಲ. ದಾವಣಗೆರೆ ಬಸ್‌ಸ್ಟ್ಯಾಂಡಿನ ಕಂಡಕ್ಟರನ ಕೂಗು. "ಹರಿಹರ, ರಾಣೆಬೆನ್ನೂರು, ಹಾವೇರಿ, ಹುಬ್ಳಿ ಹುಬ್ಳಿ ಹುಬ್ಳಿ!" ಉಸಿರು ಬಿಡುವುದಕ್ಕೂ ಜನ ಅಂಜುತ್ತಿದ್ದ ಕಾಲ. ನಾಯಿ ಹಿಡಿದ ಮುದುಕ ನಾಯಿಯನ್ನು ಎತ್ತಿಕೊಂಡು ರಸ್ತೆಯ ಆಚೆ ಬದಿಗೆ ಹೋದ. ನಾನು ಅವನ ಬೆನ್ನಿಗೆ ಬಾಗಿ ಬಾಗಿ ಕ್ಷಮೆ ಕೇಳುತ್ತ ಸುಮಿಮಾಸೆನ್, ಸುಮಿಮಾಸೆನ್ ಎಂದೆ. ಗಾಜಿನೊಳಗೆ ರಿನ್-ಸಾನ್ ಹಣೆ ಚಚ್ಚಿಕೊಳ್ಳುತ್ತಿದ್ದರು.

ಅವರಿಗೆ ಕೂಗುವುದೆಂದರೆ ಸಂಕೋಚವೇ ಇರಲಿಲ್ಲ. ಮಧ್ಯಾಹ್ನವಾಯಿತೆಂದರೆ ದಾಲಿಯಾನ್‌ನಲ್ಲಿದ್ದ ತಾಯಿಗೆ ಫೋನು ಮಾಡಿ, ಗಲ್ಲಿಗೆಲ್ಲ ಕೇಳುವಂತೆ ಒಂದೇ ವಾಕ್ಯವನ್ನು ಮೂರ್ನಾಲ್ಕು ಸಲ ಕಿರುಚುತ್ತಿದ್ದರು. "ಮಾ, ಚಿ ಫಾನ್ ಲಾ ಮಾ?" ತಾಯಿಗೆ ಕಿವಿ ಮಂದ. ಏನು ಹಾಗೆಂದರೆ ಎಂದು ಒಂದು ದಿನ ಕೇಳಿದೆ.

"ಅಮ್ಮಾ, ಊಟ ಆಯ್ತಾ ಅಂತ. ಬೇರೆ ಏನು ಕೇಳಬೇಕೋ ನನಗೆ ಗೊತ್ತಾಗಲ್ಲ."

ನಮಗೂ ಗೊತ್ತಾಗುವುದಿಲ್ಲ ಎಂದೆ. ನಮ್ಮವರೂ ಎಲ್ಲದಕ್ಕೂ ಅದನ್ನೇ ಕೇಳುತ್ತಾರೆ ಎಂದೆ.

ಮುಂದಿನದನ್ನು ನಾನು ಗೆಳೆಯರಿಗೆ ಹಲವು ಸಲ ಹೇಳಿದ್ದೇನೆ. ಪ್ರತಿ ಸಲವೂ ಅದು ಸ್ವಲ್ಪ ಹೆಚ್ಚು ಹೊಳಪಾಗುತ್ತ ಬಂದಿದೆ. ಹೊಳಪಿನ ಆವೃತ್ತಿ ಹೀಗೆ: ಒಂದು ಸಂಜೆ ಔಷಧ ಕುಡಿದು, ಶುಭಾಗೆ ಫೋನು ಮಾಡಿ, "ಸ್ಕೂಲಿಗೆ ಸೇರಿಸಬೇಡ. ಬಾಗಿಲು ತೆಗೆದ ದಿನವೇ ಹೊರಟು ಬನ್ನಿ. ನನಗಿಲ್ಲಿ ಒಬ್ಬನೇ ಇರೋಕೆ ಆಗ್ತಿಲ್ಲ" ಎಂದೆ. ಆ ಕ್ಷಣವೇ ಗಂಟಲಿನ ಗೊರಟು ಕರಗಿತು.

ಹಾಗೆ ಹೇಳಿದ್ದು ನಿಜ. ಔಷಧ ಆ ದಿನ ಕುಡಿದಿದ್ದೆನೋ ಇಲ್ಲವೋ ನೆನಪಿಲ್ಲ. ಆ ಕಡೆಯಿಂದ ಶುಭಾ ಬೈದಳು.

"ಅಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿಮಗೆ? ನಾನೇನು ಇಲ್ಲಿ ಖುಷಿಯಾಗಿ ಫಾರ್ಮ್ ತುಂಬ್ತಾ ಕೂತಿದೀನಿ ಅನ್ಕೊಂಡ್ರಾ? ನೀವು ಬೇಡ ಅಂತೀರೇನೋ ಅಂತ ದಿನಾ ಕೇಳ್ತಿದ್ದೆ ಕಣ್ರೀ."

ಫೋನಿಟ್ಟ ಮೇಲೆ ಎದೆ ಹಗುರಾಯಿತು. ಮರುದಿನ ಕಿಟಕಿಗೆ ಓಡಿ, ಗುಣವಾಯಿತು, ಅರಿಗಾತೋ, ಎಂದು ಧನ್ಯವಾದ ಹೇಳಿದೆ.

"ಅರಿಗಾತೋ ಬೇಡ. ನಾಲಿಗೆ ತೋರಿಸು."

ಟಾರ್ಚು ಹತ್ತಿತು, ಆರಿತು.

"ಸುಳ್ಳು. ಬಿಳಿ ಲೇಪ ಹಾಗೇ ಇದೆ. ಎಂಜಲು ನುಂಗು ನೋಡೋಣ."

ನುಂಗಿದೆ. ಗೊರಟು ಇದ್ದ ಜಾಗದಲ್ಲೇ ಇತ್ತು. ನನ್ನ ಮುಖ ಬಾಡಿದ್ದನ್ನು ಕಂಡು, "ಒಂದು ಸಲ ಕಿಟಕಿ ತೆಗೆದರೆ ಬೂಷ್ಟು ಹೋಗುತ್ತಾ? ಕುಡೀತಾ ಇರು, ಹೇಳ್ತಾ ಇರು" ಎಂದರು.

ಅದು ಯಾವಾಗ ಹೋಯಿತು? ಗೊತ್ತಿಲ್ಲ. ಶರತ್ಕಾಲದಲ್ಲಿ ನಮ್ಮಂಥವರಿಗೆ ಮತ್ತೆ ದಾರಿ ತೆರೆದು, ಅವರಿಬ್ಬರೂ ಪರೀಕ್ಷೆ, ಪ್ರತ್ಯೇಕವಾಸ ಎಲ್ಲ ಮುಗಿಸಿ ಮನೆ ಸೇರಿದ ಮೇಲೆ ಒಂದು ದಿನ, ಅನುವಿನ ಶೂ ಸಿಗದೆ ನಾನು ಮನೆಯೆಲ್ಲ ಕೂಗಾಡುತ್ತಿದ್ದೆ. ಆಗ ಶುಭಾ, "ಗಂಟಲು ಸರಿ ಹೋಯ್ತು ಅನ್ಸುತ್ತೆ" ಎಂದಳು. ನುಂಗಿ ನೋಡಿದೆ. ಇರಲಿಲ್ಲ. ಬಂದ ದಿನ ಹೇಳದೆ ಬಂದಿತ್ತು, ಹೋದ ದಿನವೂ ಹೇಳಲಿಲ್ಲ. ಔಷಧದಿಂದಲೋ, ಅವರು ಬಂದದ್ದರಿಂದಲೋ, ಸುಮ್ಮನೆ ಕಾಲ ಕಳೆದದ್ದರಿಂದಲೋ? ರಿನ್-ಸಾನ್‌ಗೆ ಈ ಪ್ರಶ್ನೆಯಲ್ಲಿ ಕಿಂಚಿತ್ತೂ ಆಸಕ್ತಿ ಇರಲಿಲ್ಲ. ಅವರು ಅನುವನ್ನು ಕಿಟಕಿಗೆ ಕರೆದು ನಾಲಿಗೆ ತೋರಿಸು ಎಂದರು. ಅನು ಇದಕ್ಕೇ ಹುಟ್ಟಿದವಳಂತೆ ಚಾಚಿದಳು. ರಿನ್-ಸಾನ್ ತಮ್ಮ ಮಾಸ್ಕು ಇಳಿಸಿ ತಿರುಗಿ ಚಾಚಿದರು. ಅವರ ಪೂರ್ತಿ ಮುಖವನ್ನು ನಾನು ನೋಡಿದ್ದು ಆಗಲೇ.

ಈಗ ಆ ಅಂಗಡಿ ಇಲ್ಲ. ಅಲ್ಲಿ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುತ್ತಾರೆ. ಗಾಜು ಮಾತ್ರ ಅದೇ.

ಮಧ್ಯಾಹ್ನದ ಕೂಗು ನಿಂತುಹೋದದ್ದನ್ನು ಮೊದಲು ಗಮನಿಸಿದವಳು ಅನು. ಅದೊಂದು ಚಳಿಗಾಲ. ಚೀನಾದ ಬಾಗಿಲು ಇನ್ನೂ ತೆರೆದಿರಲಿಲ್ಲ. "ಓಬಾಚಾನ್ ಯಾಕೆ ಈಗ ಕೂಗಲ್ಲ?" ಎಂದು ಜಪಾನೀಸಿನಲ್ಲಿ, ಅಜ್ಜಿ ಎಂದು ಕರೆದು, ಅವರನ್ನೇ ಕೇಳಿಬಿಟ್ಟಳು. "ಕೇಳೋರು ಹೋದರು" ಎಂದ ರಿನ್-ಸಾನ್, ನಾನು ಏನಾದರೂ ಹೇಳುವ ಮೊದಲೇ ಅವಳ ನಾಲಿಗೆಗೆ ಟಾರ್ಚು ಹಿಡಿದಿದ್ದರು.

ಬಾಗಿಲುಗಳೆಲ್ಲ ತೆರೆದ ಮೇಲೆ ಅವರು ಅಂಗಡಿ ಮುಚ್ಚಿ ದಾಲಿಯಾನ್‌ಗೆ, ತಮ್ಮನ ಮನೆಗೆ ಹೊರಟರು. ಕೊನೆಯ ದಿನ ಔಷಧದ ಖಾನೆಗಳನ್ನು ಇಳಿಸಿಕೊಡಲು ಹೋಗಿದ್ದೆ. ನಾನು ಒಳಗಿದ್ದೆ, ಅವರು ಬೋರ್ಡು ಬಿಚ್ಚಿಸಲು ಹೊರಗೆ ಹೋಗಿದ್ದರು. ಗಾಜು ತಟ್ಟಿದ ಸದ್ದಾಯಿತು. ನೋಡಿದರೆ ರಿನ್-ಸಾನ್ ಬೀದಿಯಲ್ಲಿ ನಿಂತು, ಮಾಸ್ಕು ಇಳಿಸಿ, ನನಗೆ ನಾಲಿಗೆ ಚಾಚಿದ್ದಾರೆ. ಟಾರ್ಚು ನನ್ನ ಕೈಗೆ ಹೇಗೆ ಬಂತೋ, ಅಥವಾ ಅದನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ, ನೆನಪಿನ ಮೇಲೆ ಭರವಸೆ ಇಲ್ಲ. ಗಂಭೀರವಾಗಿ ಎಡಕ್ಕೆ ಬಲಕ್ಕೆ ನೋಡಿದೆ.

"ಏನಿದೆ?" ಎಂದರು.

"ಏನೂ ಇಲ್ಲ."

"ಹಾಗಾದರೆ ನನ್ನ ಇಲಾಖೆ," ಎಂದು ನಗಲು ಹೋದರು. ನಗು ಅರ್ಧದಲ್ಲಿ ನಿಂತಿತು. ಅವರು ಎಂಜಲು ನುಂಗಿದರು. ಮತ್ತೊಮ್ಮೆ ನುಂಗಿದರು. ಆ ನುಂಗುವಿಕೆ ನನಗೆ ಚೆನ್ನಾಗಿ ಗೊತ್ತಿತ್ತು.

"ಒಂದು ಮಾತು ಗಟ್ಟಿಯಾಗಿ ಹೇಳಿ," ಎಂದೆ ಕಿಂಡಿಯಿಂದ. "ನಿಮ್ಮ ಭಾಷೆಯಲ್ಲಿ. ಗಾಜು ದಪ್ಪ ಇದೆ."

ಅವರು ಸುತ್ತ ನೋಡಲಿಲ್ಲ. ಎರಡೂ ಕೈ ಬಾಯಿಯ ಸುತ್ತ ಹಿಡಿದು, ಗಲ್ಲಿಗೆಲ್ಲ ಕೇಳುವಂತೆ, ಹಳೆಯ ಮಧ್ಯಾಹ್ನಗಳಂತೆ ಕೂಗಿದರು.

"ಮಾ, ಚಿ ಫಾನ್ ಲಾ ಮಾ?"

ಒಳಗಿನಿಂದ ನಾನು, ಕನ್ನಡದಲ್ಲಿ, ಕಂಡಕ್ಟರನಷ್ಟೇ ಗಟ್ಟಿಯಾಗಿ, "ಆಯ್ತು, ಆಯ್ತು!" ಎಂದೆ.