ಕವಚಮೀನಿಗೆ ಹಲ್ಲಿದ್ದವು

ರುಕ್ಸಾನಾ ಮೇಡಂ, ನಿಮ್ಮ ಲೇಖನದ ಕೊನೆಯ ಪ್ಯಾರಾ ಕತ್ತರಿಸಿದವನು ನಾನು. ಕತ್ತರಿಸಿಲ್ಲವೆಂದು ನಿಮ್ಮ ಪ್ರಿನ್ಸಿಪಾಲರಿಗೆ ಸುಳ್ಳು ಹೇಳಿದವನೂ ನಾನೇ.

ಆಗಲೂ ಈಗಿನಂತೆ ಬೆಳಗಾವಿಯ ಈ ಪತ್ರಿಕೆಯ ಭಾನುವಾರದ ಪುಟ ನನ್ನದೇ. ನೀವು ಖಾನಾಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ವರ್ಷವರ್ಷವೂ ಹೊಸದಾಗಿ ಕರೆಯಬೇಕಾದ ಕೆಲಸ. ಮೀನಿಗೆ ಬಾಯಿ ಹೇಗೆ ಬಂತೆಂದು ಬರೆದಿದ್ದಿರಿ. ಮೊದಮೊದಲ ಮೀನುಗಳಿಗೆ ದವಡೆಯೇ ಇರಲಿಲ್ಲ. ಕಿವಿರುಗಳಿಗೆ ಆಸರೆಯಾಗಿದ್ದ ಕಮಾನುಗಳಲ್ಲಿ ಮುಂದಿನದು ದವಡೆಯಾಗಿ ಬದಲಾಯಿತೆಂದು ಹಲವರು ನಂಬುತ್ತಾರೆ. ಆಮೇಲೆ ಬಂದವು, ತಲೆಗೆ ಎಲುಬಿನ ಕವಚ ತೊಟ್ಟ ಮೀನುಗಳು. ಅವಕ್ಕೆ ಹಲ್ಲಿರಲಿಲ್ಲ, ದವಡೆಯ ಹರಿತವಾದ ಎಲುಬಿನಿಂದಲೇ ಬೇಟೆಯನ್ನು ಕತ್ತರಿಸುತ್ತಿದ್ದವು ಎಂಬುದು ಹಳೆಯ ತಿಳಿವಳಿಕೆ. ಅದನ್ನು ವಿವರವಾಗಿ ಕೊಟ್ಟು, ಕೊನೆಯಲ್ಲಿ ತಿರುಗಿಸಿದ್ದಿರಿ: ಕೆಲವು ಕವಚಮೀನುಗಳ ಪಳೆಯುಳಿಕೆಯಲ್ಲಿ, ಒಳಗೆ ತಿರುಳಿನ ಜಾಗವಿರುವ ನಿಜವಾದ ಹಲ್ಲುಗಳೇ ಕಂಡಿವೆ, “ಹಲ್ಲಿರಲಿಲ್ಲವೆಂದು ನಾನೂ ಕಲಿಸಿದ್ದೆ, ಅದು ತಪ್ಪು” ಎಂದು.

ಸುದ್ದಿಮನೆಯಲ್ಲಿ ಮುಖ್ಯವಾದದ್ದು ಮೇಲಿರುತ್ತದೆ. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುತ್ತೇವೆ — ಒಮ್ಮೊಮ್ಮೆ ಓದದೆಯೂ. ಆ ಸಂಜೆ ಪುಟ ಕಟ್ಟುತ್ತಿದ್ದ ಬಸು ಕೂಗಿದ: “ಸರ್, ಸೀರಿ ಅಂಗಡಿ ಜಾಹೀರಾತು ಬಂದೈತ್ರಿ. ನಿಮ್ಮ ಮೀನಿನ ಬಾಲ ಕಡೀರಿ!” ಎಲ್ಲರೂ ನಕ್ಕರು. ನಾನೂ ನಗುತ್ತಲೇ ಕಡಿದೆ. ಪಾಠ ಮಾಡುವವರು ತಿರುವನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆಂದು — ಹೊಳೆಯಲೇ ಇಲ್ಲ.

ಸೋಮವಾರ ನೀವು ಫೋನ್ ಮಾಡಿದಿರಿ. “ಸರ್, ಕೊನೀ ಪ್ಯಾರಾನೇ ಇಲ್ಲಲ್ರೀ? ನಾ ತಪ್ಪಂತ ಹೇಳಿದ್ದು ಖರೇ ಅಂತ ಆಗೇತಿ. ಕ್ಲಾಸಿನ್ಯಾಗ ಹಲ್ಲು ಇದ್ವು ಅಂತ ಹೇಳೇನಿ, ಹುಡುಗ್ರು ಪೇಪರ್ ಹಿಡಕೊಂಡ ಬಂದಾರ.”

“ನೋಡ್ತೇನ್ರಿ ಮೇಡಂ” ಎಂದೆ. ನೋಡಿದೆ. ತಪ್ಪು ನನ್ನದೆಂದು ಗೊತ್ತಾಯಿತು. ತಿದ್ದುಪಡಿ ಹಾಕಬೇಕಿತ್ತು. ಆದರೆ ಹಿಂದಿನ ವಾರವಷ್ಟೇ ನನ್ನ ಪುಟದ ಇನ್ನೊಂದು ತಪ್ಪಿಗೆ ತಿದ್ದುಪಡಿ ಹಾಕಿದ್ದೆವು. ಮತ್ತೊಮ್ಮೆ ಸಂಪಾದಕರ ಮುಂದೆ ನಿಲ್ಲುವುದೆಂದರೆ —

ಅಷ್ಟರಲ್ಲಿ ಪ್ರಿನ್ಸಿಪಾಲರ ಫೋನ್ ಬಂತು. “ನಮ್ಮ ಮೇಡಂ ಪೇಪರ್‌ದಾಗ ಒಂದ, ಕ್ಲಾಸಿನ್ಯಾಗ ಒಂದ ಹೇಳ್ತಾರಂತ ಸ್ಟಾಫ್ ರೂಮಿನ್ಯಾಗ ನಗಾಕತ್ತಾರ್ರಿ. ನೀವು ಕತ್ತರಿಸೀರಿ ಅಂತಾರ ಅವರು. ಖರೇ ಏನ್ರಿ?”

“ಇಲ್ರಿ ಸರ್. ಅವ್ರು ಕೊಟ್ಟಾಂಗ ಹಾಕೇವಿ.”

ಮುಂದಿನ ವರ್ಷ ನಿಮ್ಮನ್ನು ಕರೆಯಲಿಲ್ಲ. ಮೀನಿನ ವಿಷಯದಲ್ಲಿ ತಪ್ಪಿದ್ದಕ್ಕಲ್ಲ. ತಮ್ಮ ತಪ್ಪನ್ನು ಪತ್ರಿಕೆಯ ಮೇಲೆ ಹಾಕಿದರೆಂಬ ಕಾರಣಕ್ಕೆ. ಇದು ನನಗೆ ಆಗಲೇ ಗೊತ್ತಿತ್ತು. ಸುಮ್ಮನಿದ್ದೆ.

ಹೋದ ವಾರ ರಾಮತೀರ್ಥ ನಗರಕ್ಕೆ, ನಿವೃತ್ತರಾಗಿರುವ ನಿಮ್ಮ ಪ್ರಿನ್ಸಿಪಾಲರ ಮನೆಗೆ ಹೋಗಿ ಎಲ್ಲ ಹೇಳಿದೆ.

“ನನ್ನ ಮುಂದ ಕುಂತು ಅತ್ತಿದ್ರರೀ ಅವರು” ಎಂದರು. “ನಾ ನಿಮ್ಮ ಮಾತ ನಂಬಿದೆ.”

ಇದನ್ನು ಅದೇ ಪುಟದಲ್ಲಿ, ನನ್ನ ಹೆಸರಿನಲ್ಲೇ ಅಚ್ಚು ಮಾಡುತ್ತಿದ್ದೇನೆ. ಒಂದು ಪ್ರತಿಯನ್ನು ಕಾಲೇಜಿಗೂ ಕೊಟ್ಟು ಬಂದಿದ್ದೇನೆ. ಅದರಿಂದ ನಿಮ್ಮ ಕೆಲಸ ಮರಳಿ ಬರುವುದಿಲ್ಲ, ಗೊತ್ತು. ಸುಳ್ಳು ಹೇಳಿದ್ದು ನೀವಲ್ಲ — ಅಷ್ಟು ಮಾತ್ರ ಇನ್ನು ಖಾನಾಪುರದಲ್ಲಿ ಎಲ್ಲರಿಗೂ ಗೊತ್ತಿರಬೇಕು.