ಅಮೀನಗಡದಲ್ಲಿ ವಿಮಾನದ ಮುಸುಕು

ಇನ್ನೂ ಪೂರ್ತಿ ಬೆಳಗಾಗಿಲ್ಲ. ಅಮೀನಗಡದ ಹೆದ್ದಾರಿ ಬದಿಯ ಕರದಂಟಿನ ಅಂಗಡಿಗಳಲ್ಲಿ ಬೆಲ್ಲದ ಪಾಕ ಕುದಿಯತೊಡಗಿದೆ. ಅವುಗಳ ಹಿಂದಿನ ಓಣಿಯ ಒಂದು ಅಂಗಳದಲ್ಲಿ ಮುರ್ತುಜಸಾಬರು ಮೊಣಕಾಲೂರಿ ಕೂತು ಕೆಂಪು ಬಟ್ಟೆಗಳನ್ನು ಹಾಸುತ್ತಿದ್ದಾರೆ. ದೊಡ್ಡವು ಬಾವಿಯ ಬಾಯಿ ಮುಚ್ಚುವಷ್ಟು ಅಗಲ. ಸಣ್ಣವು ಗೇಣುದ್ದದ ಟೊಪ್ಪಿಗೆಗಳು. ಹಾಸಿದ್ದನ್ನು ಎತ್ತುತ್ತಾರೆ, ಮತ್ತೆ ಹಾಸುತ್ತಾರೆ. ಬಸ್ಸಿನಲ್ಲಿ ಬಂದ ಗೋಣಿಚೀಲವನ್ನು ತಿರುವಿ ಝಾಡಿಸುತ್ತಾರೆ. ಬರೀ ಧೂಳು ಬೀಳುತ್ತದೆ.

"ಒಂದ ಟೊಪಗಿ ಕಡಿಮಿ ಐತ್ರಿ," ಎನ್ನುತ್ತಾರೆ, ನನ್ನ ಕಡೆ ನೋಡದೆ.

ಅವರು ಹೊಲಿಯುವುದನ್ನು ನೋಡಿ ಬರೆಯಲು ನಾನು ಬಂದಿದ್ದೇನೆ. ಅವರು ಇವತ್ತು ಸೂಜಿ ಮುಟ್ಟಿಲ್ಲ.

ಮುರ್ತುಜಸಾಬರಿಗೆ ಐವತ್ತೆಂಟು ವರ್ಷ. ಲಾರಿಗಳಿಗೆ ತಾಡಪತ್ರಿ ಹೊಲಿಯುವುದು ಅಪ್ಪನಿಂದ ಬಂದ ಕೆಲಸ. ಬಾಗಲಕೋಟೆಯ ಉಳ್ಳಾಗಡ್ಡಿ, ಹುನಗುಂದದ ಕಡಲೆ ಹೊತ್ತು ಹೋಗುವ ಎಷ್ಟೋ ಲಾರಿಗಳ ಬೆನ್ನ ಮೇಲೆ ಅವರ ಹೊಲಿಗೆ ಇದೆ. ದಬ್ಬಣ, ಮೇಣ ತಿಕ್ಕಿದ ದಾರ, ಅಂಗೈಗೆ ಕಟ್ಟಿಕೊಳ್ಳುವ ಚರ್ಮದ ಪಟ್ಟಿ, ಒಂದು ಹಳೆಯ ಕಾಲುಮಶೀನು. ಇಷ್ಟೇ ಸಾಮಾನು. ಚರ್ಮದ ಪಟ್ಟಿ ಇದ್ದರೂ ಬಲಗೈಯ ಹೆಬ್ಬೆರಳ ಬುಡ ಕಲ್ಲಿನಂತಾಗಿದೆ.

ಈ ಕೈಗೆ ವಿಮಾನದ ಕೆಲಸ ಬಂದದ್ದು ತಂಗಿಯ ಮಗ ನವೀದನಿಂದ. ಎರಡು ವರ್ಷದ ಹಿಂದೆ ಅಮೆರಿಕದಲ್ಲಿ ವಿಮಾನಗಳು ಬಡಿದು ಕಟ್ಟಡಗಳು ಬಿದ್ದ ಮೇಲೆ ವಿಮಾನ ಹತ್ತುವವರು ಕಡಿಮೆಯಾದರು. ಮುನ್ನೂರು ಜನ ಹಿಡಿಯುವ ದೊಡ್ಡ ಜೆಟ್‌ಗಳನ್ನು ಅಲ್ಲಲ್ಲಿ ತಂದು ನಿಲ್ಲಿಸಿದರು. ಅಂಥ ಕೆಲವು ವಿಮಾನಗಳನ್ನು ನೋಡಿಕೊಳ್ಳುವ ಗುತ್ತಿಗೆದಾರನ ಕೈಕೆಳಗೆ ನವೀದ ದುಡಿಯುತ್ತಾನೆ. ವಿಮಾನಗಳು ನಿಂತ ಊರಿನ ಹೆಸರು ಬರೆಯಬೇಡಿ ಎಂದು ಮನೆಯವರು ಕೇಳಿಕೊಂಡಿದ್ದಾರೆ.

ನಿಂತ ವಿಮಾನವನ್ನು ಬಿಟ್ಟುಬಿಡುವಂತಿಲ್ಲ. ಭಾರಕ್ಕೆ ಟೈರು ಒಂದೇ ಕಡೆ ಚಪ್ಪಟೆಯಾಗದಂತೆ ಆಗಾಗ ಗಾಲಿ ಉರುಳಿಸಬೇಕು. ಎಂಜಿನ್ ಒಳಗೆ ಹಕ್ಕಿ ಗೂಡು ಕಟ್ಟದಂತೆ ಮುಸುಕು ಹಾಕಬೇಕು. ಮೂತಿಯ ಹತ್ತಿರ ಬೆರಳಿನಂತೆ ಚಾಚಿಕೊಂಡ ಸಣ್ಣ ಕೊಳವೆಗಳಿರುತ್ತವೆ. ವಿಮಾನ ಎಷ್ಟು ವೇಗದಲ್ಲಿದೆ ಎಂದು ಅವು ಗಾಳಿಯಿಂದ ಅಳೆಯುತ್ತವೆ. ಕಣಜದ ಹುಳ ಅವುಗಳೊಳಗೆ ಮಣ್ಣು ಮೆತ್ತಿದರೆ ಮುಗಿಯಿತು, ಹಾರಿಸುವವನಿಗೆ ವೇಗ ತಪ್ಪಾಗಿ ಕಾಣುತ್ತದೆ. ಅದಕ್ಕೇ ಒಂದೊಂದಕ್ಕೂ ಒಂದು ಟೊಪ್ಪಿಗೆ. ಪರದೇಶದಿಂದ ತರಿಸಿದ್ದ ಮುಸುಕುಗಳು ಒಂದೇ ಬೇಸಿಗೆಗೆ ಚಿಂದಿಯಾದವು. ಆಗ ನವೀದ ಮಾಮುವಿನ ಹೆಸರು ಹೇಳಿದ.

"ಮೊದಲಿಗೆ ನಾ ಅದನ್ನ ಲಾರಿನ ಅಂತ ತಿಳದಿದ್ನಿ," ಎನ್ನುತ್ತಾರೆ ಮುರ್ತುಜಸಾಬರು. "ಗಾಳಿ ಹೋಗದಂಗ ಬಿಗಿ ಹೊಲದೆ. ಒಳಗ ಬೆವರು ಕಟ್ಟಿ ನೀರ ಇಳೀತಂತ. ಲಾರಿ ಮಾಲಿಗಿ ಉಸಿರ ಬ್ಯಾಡ. ಇದಕ್ಕ ಬೇಕ್ರಿ."

ಮುಸುಕುಗಳಿಗೂ ಟೊಪ್ಪಿಗೆಗಳಿಗೂ ಒಂದು ಉದ್ದನೆಯ ಕೆಂಪು ಪಟ್ಟಿ ಇಳಿಬಿಟ್ಟಿರಬೇಕು. ಇವರು ಅದನ್ನು ಬಾಲ ಎನ್ನುತ್ತಾರೆ. ಹಾರುವ ಮುಂಚೆ ಎಲ್ಲವನ್ನೂ ಬಿಚ್ಚಬೇಕು. ಬಿಚ್ಚದೆ ಉಳಿದದ್ದು ನೆಲದಲ್ಲಿ ನಿಂತವರಿಗೆ ಕಾಣಬೇಕು. ಬಾಲ ಇರುವುದು ಅಷ್ಟಕ್ಕೇ.

ಲಾರಿಯ ರಿವಾಜು ಬೇರೆ. ತಾಡಪತ್ರಿಯ ಒಂದು ತುದಿ ಹೊರಗೆ ಉಳಿದರೂ ಗಾಳಿ ಹಿಡಿದು ಸೊಲ್ಲಾಪುರ ಮುಟ್ಟುವುದರೊಳಗೆ ಇಡೀ ಬಟ್ಟೆ ಸೀಳುತ್ತದೆ. ತುದಿ ಕಂಡಲ್ಲಿ ಒಳಗೆ ಮಡಚಿ ಹೊಲಿಯುವುದನ್ನು ಈ ಕೈ ಹುಡುಗನಿದ್ದಾಗಲೇ ಕಲಿತಿದೆ. ಕಳೆದ ಸಲ ರಿಪೇರಿಗೆ ಬಂದ ಟೊಪ್ಪಿಗೆಗಳ ಬಾಲಗಳು ಗಾಳಿಗೆ ಎಳೆಎಳೆಯಾಗಿದ್ದವು. ಮುರ್ತುಜಸಾಬರಿಗೆ ನೋಡಲಾಗಲಿಲ್ಲ. ಯಾರನ್ನೂ ಕೇಳದೆ ಎಲ್ಲ ಬಾಲಗಳನ್ನೂ ಒಳಕ್ಕೆ ಮಡಚಿ, ಗಟ್ಟಿ ಹೊಲಿದು ಕಳಿಸಿದರು.

ಆ ಟೊಪ್ಪಿಗೆಗಳನ್ನು ಹಾಕಿಕೊಂಡಿದ್ದ ಜೆಟ್ ಇವತ್ತು ಮತ್ತೆ ಹಾರುತ್ತದೆ. ಜನ ಹತ್ತುವ ಮುಂಚಿನ ಪರೀಕ್ಷೆಯ ಹಾರಾಟ. ನಿನ್ನೆ ಬಿಚ್ಚಿದ್ದನ್ನೆಲ್ಲ ತೊಳೆದು ಸರಿಮಾಡಲು ನವೀದ ಬಸ್ಸಿಗೆ ಹಾಕಿದ್ದಾನೆ. ಅದರಲ್ಲಿ ಒಂದು ಟೊಪ್ಪಿಗೆ ಇಲ್ಲ. ಕೊಳವೆಯ ಮೇಲೇ ಉಳಿದಿದೆಯೋ ಏನೋ.

"ಅಲ್ಲೇ ಕೆಳಗ ಬಿದ್ದಿರಬೇಕು," ಎನ್ನುತ್ತಾರೆ ಹೆಂಡತಿ ಹುಸೇನಬಿ, ಚಹಾದ ಬಸಿ ಹಿಡಿದು. "ಕೂಡ್ರಿ ಒಂದೀಟು. ನೀವು ತಿರುಗಾಡಿದ್ರ ಅದು ಇಳದು ಬರ್ತೈತೇನು?"

"ಇಳಿಯೂದಲ್ಲ. ಅದು ಏರಬಾರದು."

ಚಹಾ ಆರುತ್ತದೆ. ಮುರ್ತುಜಸಾಬರು ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೊರಡುತ್ತಾರೆ. ಚಪ್ಪಲಿ ಮರೆತಿದ್ದಾರೆ. ಓಣಿಯ ಬಾಯಲ್ಲಿ ಪಾಂಡಪ್ಪನ ಲಾರಿ ಉಳ್ಳಾಗಡ್ಡಿ ತುಂಬಿಕೊಂಡು ನಿಂತಿದೆ. ಅವನ ತಾಡಪತ್ರಿ ರಿಪೇರಿಗೆಂದು ಇವರ ಅಂಗಳದಲ್ಲೇ ಬಿದ್ದಿದೆ.

"ಏ ಮುರ್ತುಜಾ, ವಿಮಾನಕ್ಕ ಕೂಸಿನ ಕುಂಚಗಿ ಹೊಲಕೋತ ನನ್ನ ಮರತಿಯಲ್ಲೋ! ಉಳ್ಳಾಗಡ್ಡಿ ಮೊಳಕಿ ಬರಾಕ ಹತ್ಯಾವ."

"ಇವತ್ತ ಚ್ಯಾಷ್ಟಿ ಬ್ಯಾಡೋ ಪಾಂಡಪ್ಪ."

ಸಂಗತಿ ಕೇಳಿ ಪಾಂಡಪ್ಪ ಕ್ಯಾಬಿನ್ನಿನಿಂದ ಇಳಿಯುತ್ತಾನೆ. "ಡ್ರೈವರ ನೋಡಂಗಿಲ್ಲೇನು? ಗಾಡಿ ತಗಿಯೂ ಮುಂದ ನಾ ಸುತ್ತ ಹಾಕಿ ಟೈರ ಬಡದ ನೋಡ್ತೇನಿ. ಅಷ್ಟ ದೊಡ್ಡದ ಹಾರಸಾಂವ ನೋಡಂಗಿಲ್ಲ?"

"ಬಾಲ ಇದ್ರ ನೋಡ್ತಾನ. ಬಾಲ ನಾನ ಮುಚ್ಚೇನಿ."

ಬೂತಿನಿಂದ ಫೋನು ಹೋಗುತ್ತದೆ. ಗುತ್ತಿಗೆದಾರನ ಶೆಡ್ಡಿನಲ್ಲಿ ಗಂಟೆ ಬಡಿಯುತ್ತದೆ, ಯಾರೂ ಎತ್ತುವುದಿಲ್ಲ. ಇಟ್ಟು ಮತ್ತೆ ನಂಬರು ಹಚ್ಚುತ್ತಾರೆ. ಇಳಕಲ್ಲಿನ ಬಸ್ಸು ಬಂದು ಜನರನ್ನು ಇಳಿಸಿ ಹೋಗುತ್ತದೆ. ಮುರ್ತುಜಸಾಬರು ಬೂತಿನ ಗಾಜಿನ ಬಾಗಿಲು ತೆಗೆಯುತ್ತಾರೆ, ಹಾಕುತ್ತಾರೆ. ಮತ್ತೆ ಹಚ್ಚುತ್ತಾರೆ.

ಕೊನೆಗೆ ಎತ್ತಿದವನು ನವೀದನೇ. ಇಬ್ಬರೂ ಮಾತಾಡುವುದು ಉರ್ದುವಿನಲ್ಲಿ. ಆಮೇಲೆ ಮುರ್ತುಜಸಾಬರು ನನಗೆ ಒಂದೂ ಬಿಡದೆ ಕನ್ನಡದಲ್ಲಿ ಹೇಳಿದರು.

"ಸಿಕ್ತು ಮಾಮೂ. ಕ್ಯಾಪ್ಟನ್ ಸಾಹೇಬರು ಸುತ್ತ ಬಂದಾಗ ಬ್ಯಾಟರಿ ಹಾಕಿ ನೋಡಿದ್ರು. ಕೊಳವಿ ಮ್ಯಾಲನ ಇತ್ತು. ನೆರಳಿನಾಗ ನನಗ ಕಾಣಲಿಲ್ಲ. ಬಾಲ ಎಲ್ಲಿ ಹೋತು ಅದರದು?"

"ನಾ ಮಡಚಿ ಹೊಲದಿದ್ನಿ."

ಮುರ್ತುಜಸಾಬರೇ ಮುಂದೆ ಕೇಳಿದರು.

"ನಿನ್ನ ಕೆಲಸ?"

"ಭಾಳ ಬೈಸಿಕೊಂಡೆ. ಐತಿ, ಸದ್ಯಕ್ಕ."

"ತಪ್ಪು ಹೊಲದಾಂವಂದು ಅಂತ ಹೇಳು. ನಿಮ್ಮ ಗುತ್ತಿಗೆದಾರ ಸಾಹೇಬರಿಗಿ ಫೋನ್ ಕೊಡು, ನಾನ ಹೇಳ್ತೇನಿ."

ಕೊಟ್ಟನಂತೆ. ಮುರ್ತುಜಸಾಬರು ಹೇಳಿದರಂತೆ. ಸಾಹೇಬರು ಹಿಂದಿಯಲ್ಲಿ ಒಂದೇ ಮಾತು ಹೇಳಿದರು: ಕೆಳಗೆ ನಿಂತರೆ ಬಾಲ ನನ್ನ ಎದೆಗೆ ಬಡಿಯುವಷ್ಟು ಉದ್ದ ಇರಲಿ, ಹರಿದರೆ ಹರಿಯಲಿ.

ಅಂಗಳಕ್ಕೆ ಮರಳಿದವರೇ ಬ್ಲೇಡು ಹಿಡಿದು ಕೂರುತ್ತಾರೆ. ತಮ್ಮದೇ ಹೊಲಿಗೆ ಬಿಚ್ಚುತ್ತಾರೆ. ಗಟ್ಟಿ ಹೊಲಿಗೆ, ಸುಲಭಕ್ಕೆ ಬಿಡುವುದಿಲ್ಲ. ಹುಸೇನಬಿ ಕೆಂಪು ಬಟ್ಟೆಯ ಥಾನಿನಿಂದ ಪಟ್ಟಿ ಕತ್ತರಿಸಿ ಕೊಡುತ್ತಾರೆ. "ಮದಲಿಂಗನ ಬಾಸಿಂಗದಂಗ ಇಳಿಬಿಡ್ರಿ ಇನ್ನ," ಎಂದು ನಗುತ್ತಾರೆ. ಮುರ್ತುಜಸಾಬರು ನಗುವುದಿಲ್ಲ. ಆಮೇಲೆ ಪಾಂಡಪ್ಪನ ತಾಡಪತ್ರಿ. ಅದರ ತುದಿಗಳನ್ನು ಒಂದೂ ಬಿಡದೆ ಒಳಗೆ ಮಡಚಿ ಹೊಲಿದು ಕಳಿಸುತ್ತಾರೆ. ಎರಡು ಕೆಲಸದ ನಡುವೆ ಒಮ್ಮೆ ಕೈ ತಡೆದು, ಯಾವುದು ಕೈಯಲ್ಲಿದೆ ಎಂದು ನೋಡಿಕೊಳ್ಳುತ್ತಾರೆ.

ಬಿಸಿಲೇರಿದ ಮೇಲೆ ಬೂತಿನವನು ಓಣಿಯ ಬಾಯಿಂದಲೇ ಕೂಗುತ್ತಾನೆ. ನವೀದನ ಫೋನು ಬಂದಿತ್ತು. ಹಾರಿತಂತೆ. ಒಂದು ಸುತ್ತು ಹಾಕಿ ಇಳಿಯಿತಂತೆ.

ಮುರ್ತುಜಸಾಬರು ಆಗ ಆರಿದ ಚಹಾ ಕುಡಿಯುತ್ತಾರೆ. ಕಾಲು ಮಾತ್ರ ಮಶೀನಿನ ಪಾವಟಿಗೆಯ ಮೇಲೆ ಸುಮ್ಮನೆ ಆಡುತ್ತಲೇ ಇದೆ.

ವಿಮಾನ ಹತ್ತುವ ಆಸೆ ಇದೆಯೇ ಎಂದು ಕೇಳುತ್ತೇನೆ.

"ಹತ್ತೂದ ಬ್ಯಾಡ್ರಿ," ಎನ್ನುತ್ತಾರೆ. "ಒಮ್ಮೆ ಅಲ್ಲಿ ಹೋಗಬೇಕು. ಅದು ಹೊಂಡೂ ಮುಂದ ಸುತ್ತ ಹಾಕಿ, ನಾ ಹೊಲದದ್ದು ಒಂದೂ ಅದರ ಮ್ಯಾಲ ಉಳದಿಲ್ಲ ಅಂತ ನೋಡಬೇಕು. ಆಮ್ಯಾಲ ಹೋಗು ಅನ್ನಬೇಕು."