ಸಾಹುಕಾರರ ಮನೆಯಲ್ಲಿ ಒಲೆ ಹಚ್ಚಿದವನು

ಮೊದಲು ತೊಡೆಸಂದಿಯಲ್ಲಿ ಒಂದು ನೆಲ್ಲಿಕಾಯಿ ಎದ್ದಿತು. ಮಧ್ಯಾಹ್ನಕ್ಕೆ ನಿಂಬೆಹಣ್ಣಾಯಿತು. ಸಂಜೆಗೆ ಮಲಗೋವ. ನಮ್ಮ ಶ್ರೀನಿವಾಸಪುರದ ನೀರೇ ಅಂಥದ್ದು, ಏನು ಹುಟ್ಟಿದರೂ ಕೊನೆಗೆ ಮಾವಿನಕಾಯಿಯೇ ಆಗುತ್ತದೆ ಎಂದು ನಾನು ಜೋರಾಗಿ ನಕ್ಕೆ. ಕೇಳಲು ಮನೆಯಲ್ಲಿ ಇನ್ಯಾರೂ ಇರಲಿಲ್ಲ.

ಆಮೇಲೆ ಚಳಿ. ನನ್ನ ಹಲ್ಲು ಕಟಕಟಿಸಿದ ಸದ್ದಿಗೆ ಬೀದಿಯಲ್ಲಿ ಹೋಗುತ್ತಿದ್ದ ಜಟಕಾ ಕುದುರೆ ಹೆಜ್ಜೆ ತಪ್ಪಿತು. ಆಮೇಲೆ ಜ್ವರ. ಹೊಟ್ಟೆಯ ಮೇಲೆ ರೊಟ್ಟಿ ತಟ್ಟಿದ್ದರೆ ಎರಡು ಕಡೆಯೂ ಬೇಯುತ್ತಿತ್ತು.

ಅದು ಪ್ಲೇಗು.

ಮನೆ ಎಂದೆನಲ್ಲ, ಅದು ನನ್ನದಲ್ಲ. ಅವ್ವ ಹೋದ ಮೇಲೆ ಮಾಲೂರಿನ ಚಿಕ್ಕಪ್ಪ ನನ್ನನ್ನು ಬಸ್ಸು ಹತ್ತಿಸಿ, "ಮುಂದೆ ಎಲ್ಲಾದ್ರೂ ಇಳ್ಕೋ" ಅಂದಿದ್ದ. ಮಾವಿನ ವಾಸನೆ ಬಂದಲ್ಲಿ ಇಳಿದೆ. ಸುಗ್ಗಿಯಲ್ಲಿ ಮಂಡಿಯಲ್ಲಿ ಹಣ್ಣು ಹೊತ್ತೆ. ಸುಗ್ಗಿ ಮುಗಿದ ಮೇಲೆ ಅಲ್ಲೇ ಖಾಲಿ ಮಂಕರಿಗಳ ನಡುವೆ ಮಲಗುತ್ತಿದ್ದೆ. ಒಂದು ಮಂಕರಿಯಲ್ಲಿ ತಲೆ, ಇನ್ನೊಂದರಲ್ಲಿ ಕಾಲು. ನಡು ಮಾತ್ರ ಯಾವಾಗಲೂ ಬೀದಿಪಾಲು.

ಚಳಿಗಾಲದ ಒಂದು ಬೆಳಿಗ್ಗೆ ಮಂಡಿಯ ಸಾಹುಕಾರ ವೆಂಕಟಪ್ಪನವರು ತಾವೇ ಬಂದು ನನ್ನ ಮಂಕರಿ ತಟ್ಟಿದರು.

"ಲೇ ನಂಜ, ಎದ್ದೇಳೋ. ನಾವೆಲ್ಲ ಕುರುಡುಮಲೆಗೆ ಹೋಗ್ತಾ ಇದೀವಿ, ಗಣಪನ ಹರಕೆ ಐತೆ. ಹಂಗೇ ಮುಳಬಾಗಿಲಲ್ಲಿ ನಂಟರ ಮನೇಲಿ ಒಂದಷ್ಟು ದಿನ ಇದ್ದು ಬರ್ತೀವಿ. ನೀನು ನೋಡ್ಕೋ."

"ಮಂಡಿನಾ ಸಾವ್ಕಾರ್ರೇ?"

"ಮನೇನ ಕಣೋ! ಇನ್ಮೇಲೆ ನೀನೂ ನಮ್ಮನೆ ಮಗನೇ ಅಂದ್ಕೋ."

ನನ್ನ ಕಿವಿ ನಾನೇ ಹಿಂಡಿ ನೋಡಿಕೊಂಡೆ. ಅವರ ಹೆಂಡತಿ ಗೌರಮ್ಮನವರು ನನ್ನ ಮುಖ ನೋಡದೆ ಕೆಲಸ ಹೇಳಿದರು. ಬೆಳಿಗ್ಗೆ ಸಂಜೆ ಒಲೆ ಹಚ್ಚಬೇಕು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಬೇಕು. ಕಣಜದ ಕೋಣೆ ಮಾತ್ರ ತೆಗೆಯಬಾರದು.

"ಅಡುಗೆ ಇಲ್ದೇ ಇದ್ರೂ ಒಲೆ ಹಚ್ಚಬೇಕೇನಮ್ಮ?"

"ಹೊಗೆ ಕಾಣ್ಬೇಕು ಕಣೋ. ಮನೆ ಅಂದ್ಮೇಲೆ ಹೊಗೆ ಬೇಡ್ವಾ?"

ಎಷ್ಟು ಚಂದದ ಮಾತು ಎಂದುಕೊಂಡೆ.

ಆ ಮನೆಯಲ್ಲಿ ನಾನು ಆಳಿದ ಹಾಗೆ ಮೈಸೂರಲ್ಲೂ ಯಾರೂ ಆಳಿಲ್ಲ. ಉಯ್ಯಾಲೆಯಲ್ಲಿ ಕೂತು ಸಾಹುಕಾರರ ಹಾಗೆ ಕೆಮ್ಮಿದೆ. ರಂಗೋಲಿಯಲ್ಲಿ ನವಿಲು ಬರೆಯಲು ಹೋದೆ, ಅದು ಎಮ್ಮೆಯಾಗಿ ಬಾಗಿಲಲ್ಲಿ ಮಲಗಿತು. ಒಲೆಗೆ ಹಸಿ ಸೌದೆ ತುರುಕಿ, ಕೋಲಾರಕ್ಕೂ ಕಾಣಲಿ ಎಂದು ಹೊಗೆ ಎಬ್ಬಿಸಿದೆ. ಬೀದಿಯಲ್ಲಿ ಹೋಗುವವರನ್ನು ಕರೆದು ಕರೆದು, "ನಮ್ಮ ಮನೆ" ಎಂದೆ.

ಜ್ವರ ಬಂದಾಗ ಕಣಜದ ಕೋಣೆಯ ಬಾಗಿಲಿಗೇ ತಲೆ ಕೊಟ್ಟು ಬಿದ್ದಿದ್ದೆ. ಒಳಗಿನಿಂದ ಕೆಟ್ಟ ವಾಸನೆ. ನನ್ನದೇ ಇರಬೇಕೆಂದು ನಾಚಿದೆ.

ನನ್ನನ್ನು ಕಂಡುಹಿಡಿದವಳು ಪಾಪಮ್ಮ. ಆಸ್ಪತ್ರೆಯ ಆಯಾ, ಗಂಟಲು ತಮಟೆ, ಆ ಬೀದಿಯಲ್ಲೇ ಓಡಾಟ. ಹೊಗೆ ನಿಂತದ್ದು ನೋಡಿ ಕಿಟಕಿಯಲ್ಲಿ ಇಣುಕಿದಳಂತೆ. ಎಚ್ಚರ ಬಂದಾಗ ನಾನು ಊರಾಚೆ ಹುಣಸೆತೋಪಿನಲ್ಲಿ ಪ್ಲೇಗಿನವರಿಗೆಂದು ಕಟ್ಟಿದ ತಡಿಕೆ ಷೆಡ್ಡಿನಲ್ಲಿದ್ದೆ. ಕನ್ನಡಕದ ಡಾಕ್ಟರು ನನ್ನ ಮಲಗೋವ ಮುಟ್ಟಿ ನೋಡುತ್ತಿದ್ದರು.

"ಮನೇಲಿ ಇಲಿ ಸತ್ತು ಬಿದ್ದಿತ್ತೇನಪ್ಪ?"

"ಇಲ್ಲ ಸ್ವಾಮಿ. ಸಾವ್ಕಾರ್ರ ಮನೇಲಿ ಇಲೀನೂ ಹೇಳ್ದೆ ಕೇಳ್ದೆ ಬರಲ್ಲ."

ಡಾಕ್ಟರು ನಗಲಿಲ್ಲ. ಪಾಪಮ್ಮನೂ ನಗಲಿಲ್ಲ. ನನ್ನ ಮಾತಿಗೆ ಹಾಗಾದದ್ದು ಅದೇ ಮೊದಲು.

ಗಂಟು ಕೊಯ್ದ ದಿನ ನಾನು ಕೂಗಿದ್ದಕ್ಕೆ ಕೋಲಾರದ ಬಸ್ಸು ಹಾರನ್ ಎಂದು ತಿಳಿದು ದಾರಿ ಬಿಟ್ಟಿತು. ಪಾಪಮ್ಮ ನನ್ನ ಭುಜ ಒತ್ತಿ ಹಿಡಿದು, ತನ್ನ ತೆಲುಗು ಬೆರೆತ ಮಾತಿನಲ್ಲಿ, "ಕೂಗ್ರಾ ಅಬ್ಬಾಯಿ, ಇನ್ನೂ ಕೂಗು. ಸುಮ್ನಿರೋರನ್ನ ಕಂಡ್ರೆ ನಂಗೆ ಭಯ" ಅಂದಳು. ಪಕ್ಕದ ಚಾಪೆಯವನು ಸುಮ್ಮನಿದ್ದ. ಮಾರನೆಯ ದಿನ ಆ ಚಾಪೆ ಇರಲಿಲ್ಲ.

ಜ್ವರ ಇಳಿದ ಮೇಲೆ ಗಂಜಿ ಕುಡಿಸುತ್ತಾ ಅವಳೇ ಹೇಳಿದಳು.

"ಆಸ್ಪತ್ರೆಯೋರು ಹೋಗಿ ಕಣಜದ ಕೋಣೆ ತೆಗ್ದ್ರಂತೆ ಕಣೋ. ಗೋಣಿ ಕೆಳಗೆ ಸತ್ತ ಇಲಿಗಳು. ಮೇಲೆ ಸುಣ್ಣ ಎರಚವ್ರೆ."

"ಸುಣ್ಣ ಯಾರು ಎರಚಿದ್ರು? ನಾನಲ್ಲ."

"ನೀನಲ್ಲ. ಸಾವ್ಕಾರ್ರು ಹೋಗೋಕ್ ಮುಂಚೇನೇ ಎರಚವ್ರೆ."

ಪಾಪಮ್ಮ ಇನ್ನೊಂದು ಗುಟುಕು ಗಂಜಿ ಕುಡಿಸಿ ಮುಂದುವರಿಸಿದಳು.

"ಈ ಕಾಲ್ದಲ್ಲಿ ಬೀಗ ಬಿದ್ದ ಮನೆ ಅಂದ್ರೆ ಇಲಿ ಬಿದ್ದ ಮನೆ ಅಂತ ಊರಿಗೆಲ್ಲ ಗೊತ್ತು. ಆಮೇಲೆ ಸರ್ಕಾರದೋರು ಒಳಗೆ ಬಿಸಿಲು ಬೀಳ್ಲಿ ಅಂತ ಹೆಂಚು ಕೀಳ್ತಾರೆ, ಮಂಡಿ ಮುಚ್ಚಿಸ್ತಾರೆ. ಅದಕ್ಕೇ ಒಲೆ ಹಚ್ಚೋಕೆ ಒಬ್ಬನ್ನ ಇಟ್ರು."

ನಾನು ಮನೆ ಮಗನಾಗಿರಲಿಲ್ಲ. ಹೊಗೆಯಾಗಿದ್ದೆ.

ಚಿಕ್ಕಪ್ಪ ಬಸ್ಸು ಹತ್ತಿಸಿದಾಗ ನನಗೆ ಇಷ್ಟು ಉರಿದಿರಲಿಲ್ಲ. ಅವನು ಬೇಡ ಎಂದದ್ದನ್ನು ಬೇಡ ಎಂದೇ ಹೇಳಿದ್ದ. ಇವರು ಬಾ ಎಂದು ಕರೆದು, ಮಗ ಎಂದು, ಉಯ್ಯಾಲೆ ತೋರಿಸಿ, ಸಾವಿನ ಬಾಗಿಲಿಗೆ ಒರಗಿಸಿ ಹೋದರು. ಕುರುಡುಮಲೆಯ ಗಣಪ ಅಷ್ಟು ದೊಡ್ಡವನು. ಅವನ ಹಿಂದೆ ಬಚ್ಚಿಟ್ಟುಕೊಳ್ಳಲು ಒಂದು ಸಂಸಾರಕ್ಕೆ ಜಾಗ ಸಾಕಾಯಿತು.

ಅಷ್ಟರಲ್ಲಿ ಊರೆಲ್ಲ ಖಾಲಿಯಾಗಿ, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಮನೆ ಬಿಟ್ಟು ಬಯಲಿಗೆ ಬಿದ್ದ ಎಲ್ಲರಿಗೂ ನನ್ನ ಗತಿಯೇ. ಸೋಗೆ ಕಟ್ಟಲು ಬಾರದವರಿಗೆ ನಾನು ಚಾಪೆಯ ಮೇಲೆ ಮಲಗಿಯೇ ಬುದ್ಧಿ ಹೇಳಿದೆ. ಎದ್ದು ನಿಂತ ಮೇಲೆ ಪಾಪಮ್ಮ ಡಾಕ್ಟರನ್ನು ಕಾಡಿ, ನನಗೆ ಔಷಧಿ ಬಾಟಲಿ ತೊಳೆಯುವ ಕೆಲಸ ಕೊಡಿಸಿದಳು. ಕುಂಟುತ್ತಾ ತೊಳೆದೆ.

ಬೇಸಿಗೆ ಬಂತು. ಜನ ಗುಡಿಸಲು ಕಿತ್ತು ಮನೆಗಳಿಗೆ ಹೊರಟರು. ಷೆಡ್ಡಿನ ತಡಿಕೆಯನ್ನೂ ಬಿಚ್ಚತೊಡಗಿದರು. ಆಗ ನನಗೆ ಪ್ಲೇಗಿಗಿಂತ ಹೆಚ್ಚು ಭಯವಾಯಿತು.

ಅವತ್ತೇ ವೆಂಕಟಪ್ಪನವರು ಬಂದರು. ಬಾಳೆಹಣ್ಣು ತಂದಿದ್ದರು.

"ನಂಜ, ದೇವರು ದೊಡ್ಡೋನು ಕಣೋ. ಮನೆ ಎಲ್ಲ ತೊಳ್ಸಿದೀನಿ. ನಾವು ಬರೋಕ್ ಮುಂಚೆ ನೀನು ಹೋಗಿ ನಾಕು ದಿನ ಇರು. ಒಲೆ ಹಚ್ಚು."

ಉಯ್ಯಾಲೆ ಕಣ್ಣ ಮುಂದೆ ತೂಗಿತು. ಸುಳ್ಳು ಹೇಳುವುದಿಲ್ಲ, ಒಂದು ಕಾಲು ಮುಂದಿಟ್ಟೆ. ಪುಣ್ಯಕ್ಕೆ ಅದು ಕುಂಟುಗಾಲು, ನಿಧಾನವಾಗಿ ಹೋಯಿತು.

"ಸಾವ್ಕಾರ್ರೇ," ಎಂದೆ, "ಮೊದಲು ನೀವು ಹಚ್ಚಿ. ಹೊಗೆ ಕಂಡ್ರೆ ಬರ್ತೀನಿ."

ಪಾಪಮ್ಮ ಬಾಳೆಹಣ್ಣು ಮಾತ್ರ ಇಸಿದುಕೊಂಡು ಅವರನ್ನು ಕಳುಹಿಸಿದಳು. ಆಮೇಲೆ ನನ್ನ ಚಾಪೆ ಸುತ್ತಿ ನನ್ನ ತಲೆಯ ಮೇಲಿಟ್ಟಳು.

"ನಡಿಯೋ. ನಮ್ಮನೇಲಿ ಉಯ್ಯಾಲೆ ಗಿಯ್ಯಾಲೆ ಇಲ್ಲ. ಬಾಟಲಿ ತೊಳ್ದು ಬಂದ್ರೆ ಮುದ್ದೆ, ತೊಳೀದಿದ್ರೆ ಬೈಗುಳ."

ಅವಳದು ಒಂದೇ ಕೋಣೆ. ಮಧ್ಯಾಹ್ನ ಮುದ್ದೆ ತಿಂದು ಕಾಲು ಚಾಚಿದೆ. ಬೇಕೆಂದೇ ಮೂಲೆ ಮೂಲೆ ಮೂಸಿದೆ; ಇನ್ನು ಯಾರ ಮನೆಗೆ ಹೋದರೂ ಮೂಸುತ್ತೇನೆ, ಅದು ಹೋಗುವ ಚಟವಲ್ಲ. ಆಗ ಸೂರಿನ ಬಿದಿರ ಮೇಲೆ ಸರಸರ ಸದ್ದಾಯಿತು. ಒಂದು ಕೊಬ್ಬಿದ ಇಲಿ ಈ ಗೋಡೆಯಿಂದ ಆ ಗೋಡೆಗೆ ಓಡಿ, ನಿಂತು, ನನ್ನನ್ನು ನೋಡಿ ಮೀಸೆ ಅಲ್ಲಾಡಿಸಿತು.

"ಹೊಡೀಲಾ ಪಾಪಮ್ಮ?"

"ಬ್ಯಾಡ ಇರು. ಸತ್ತು ಬಿದ್ರೆ ಭಯ. ಓಡಾಡ್ಕೊಂಡೈತಲ್ಲ, ಓಡಾಡ್ಲಿ."

ಅದು ಓಡಾಡುವುದನ್ನು ಕೇಳುತ್ತಾ ನಿದ್ದೆ ಹೋದೆ.